ಹಬ್ಬದ ರಜೆಯ ನ್ಯಾಶ್‌ವಿಲ್

ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ಬಂದರೆ ಈಗಲೂ ನನಗೆ ಆ ಬಾಡಿಗೆ ಕ್ಯಾರವಾನ್ ನೆನಪಾಗುತ್ತದೆ.

ಪಪ್ಪ ದುಬೈಯಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಮಂಗಳೂರಿನ ಮನೆಯಲ್ಲಿ ಭಾನುವಾರ ಇಗರ್ಜಿಯಿಂದ ಬಂದೊಡನೆ ಅಜ್ಜ ಕಂಟ್ರಿ ಹಾಡುಗಳ ಕ್ಯಾಸೆಟ್ ಹಾಕುತ್ತಿದ್ದರಂತೆ. ಆ ಹಾಡುಗಳ ಊರಾದ ಅಮೆರಿಕದ ನ್ಯಾಶ್‌ವಿಲ್ ನೋಡುವುದು ಪಪ್ಪನ ಆಸೆ. ಎರಡು ಸಲ ಅರ್ಜಿ ಹಾಕಿದರೂ ವೀಸಾ ಸಿಗಲಿಲ್ಲ. ಅಬುಧಾಬಿಯ ಹೋಟೆಲೊಂದರಲ್ಲಿ ಫಿಲಿಪಿನೊ ಬ್ಯಾಂಡ್ ದಿನವೂ ಅದೇ ಹಾಡುಗಳನ್ನು ಹಾಡುತ್ತದೆಂದು ಯಾರೋ ಹೇಳಿದರು. ಪಪ್ಪನಿಗೆ ನಾಲ್ಕು ದಿನ ಒಟ್ಟಿಗೆ ರಜೆ ಸಿಗುತ್ತಿದ್ದುದು ಹಬ್ಬಗಳಿಗೆ ಮಾತ್ರ. ಆ ವರ್ಷದ ಈದ್ ಮಿಲಾದ್ ರಜೆಗೆ, ಒಳಗೇ ಮಲಗಲು ಜಾಗವಿದ್ದ ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದರು.

ಅಬುಧಾಬಿಗೆ ಹೋಗುವ ಮುನ್ನ ಮರಳುಗಾಡು ನೋಡುತ್ತ ಎರಡು ದಿನ ಸುತ್ತಿದೆವು. ಎಸಿ ಕೆಟ್ಟಿತು. ತೊಡೆ ಸೀಟಿಗೆ ಅಂಟುತ್ತಿತ್ತು. ಪಪ್ಪನ ಹೊಸ ಕೌಬಾಯ್ ಹ್ಯಾಟು ಮುದುಡದಂತೆ ನಾನು ಮಡಿಲಲ್ಲಿಟ್ಟುಕೊಂಡಿದ್ದೆ.

ಮೂರನೆಯ ಮಧ್ಯಾಹ್ನ ಅಬುಧಾಬಿಯ ಹಮ್ದಾನ್ ಸ್ಟ್ರೀಟ್ ದಾಟಿ ಹೋಟೆಲ್ ತಲುಪಿದೆವು. ಪಪ್ಪ ಹ್ಯಾಟು ಧರಿಸಿ ಒಳಗೆ ನಡೆದರು. ವೇದಿಕೆ ಖಾಲಿಯಿತ್ತು.

“ಇವತ್ತು ಮಿಲಾದ್ ಅಲ್ವಾ ಸರ್, ಮ್ಯೂಸಿಕ್ ಮಾಫಿ, ಇಲ್ಲ. ಹಬ್ಬದ ರಜೆ ಮುಗಿಯುವ ತನಕ ಯಾವಾಗ್ಲೂ ಬಂದ್,” ಎಂದ ಉಡುಪಿ ಕಡೆಯ ವೇಯ್ಟರ್.

“ರಜೆ ಕೊಟ್ಟದ್ದೇ ಆ ಹಬ್ಬ ಮಾರಾಯ್ರೆ! ಅದೊಂದು ನಿಮ್ಗೆ ನೆನಪಾಗ್ಲಿಲ್ಲ,” ಎಂದರು ಮಮ್ಮಿ ಪಪ್ಪನಿಗೆ.

ಪಪ್ಪ ಹ್ಯಾಟು ತೆಗೆದು ನನ್ನ ಕೈಗಿತ್ತರು. ಕ್ಯಾರವಾನ್ ಹತ್ತಿ ಸ್ಟೀರಿಂಗ್ ಹಿಡಿದರು.

“ಖಲಾಸ್. ಮುಂದಿನ ಹಬ್ಬಕ್ಕೆ ರಜೆ ಸಿಗ್ತದಲ್ಲ, ಆಗ ಬರುವ.”

“ಆಗ್ಲೂ…” ಎಂದು ನಾನು ಬಾಯಿ ತೆರೆದೆ. ಮಮ್ಮಿ ನನ್ನ ಮೊಣಕೈ ಒತ್ತಿದರು.

“ಆಯ್ತು, ಬರುವ,” ಎಂದರು.