ಸಾತಪ್ಪನ ಬೆಲ್

ಸತ್ತ ಸಾತಪ್ಪನ ಹೆಬ್ಬೆರಳು ಇನ್ನೂ ಬೆಲ್ಲಿನ ಗುಂಡಿಯ ಮೇಲೇ ಇತ್ತು. ಮಗ ವಿಜಯ ಬಿಡಿಸಲು ನೋಡಿದ, ಆಗಲಿಲ್ಲ. ಮಗ್ಗದ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲವೆಂದೇ ಆ ವೈಫೈ ಬೆಲ್ ತಂದಿದ್ದ. ಹಾಸಿಗೆ ಹಿಡಿದಿದ್ದ ಅಪ್ಪ ಒತ್ತಿದರೆ ಕಾರ್ಖಾನೆಯಲ್ಲಿ ವಿಜಯನ ಜೇಬಿನ ಫೋನ್ ನಡುಗಬೇಕು.

“ಎಷ್ಟ್ ಸಲ ಒತ್ಯಾನೋ ಏನೋ, ಯಲ್ಲೇಶಣ್ಣಾ. ಒಮ್ಮೆನೂ ನಡುಗಲಿಲ್ಲ.”

ಪಕ್ಕದ ಖೋಲಿಯ ಯಲ್ಲೇಶ ಬಾಗಿಲಲ್ಲೇ ನಿಂತಿದ್ದ. ಇಚಲಕರಂಜಿಯ ಆ ಚಾಳಿನ ಸಾಲಿನಲ್ಲಿ ಹದಿನಾಲ್ಕು ಖೋಲಿ, ಹದಿನಾಲ್ಕು ವೈಫೈ ಡಬ್ಬಿ. ಒಂದರ ಸಿಗ್ನಲ್ ಇನ್ನೊಂದರದನ್ನು ತುಳಿಯುತ್ತಿತ್ತು. ರಿಪೇರಿಯ ಅಜಿಂಕ್ಯ ಹೋದ ವಾರ ಎಲ್ಲರನ್ನೂ ಕೂಡಿಸಿದ್ದ. “ಎಲ್ಲಾರೂ ಡಬ್ಬಿ ಜೋರ ಕಡಿಮಿ ಮಾಡ್ರಿ. ಸೀರಿಯಲ್ ಒಂದೀಟ ನಿಂತ್ ನಿಂತ್ ಬರ್ತಾವು, ಬರ್ಲಿ. ಒಬ್ಬಾವ ಏರಿಸಿದ್ರೂ ಬಾಜೂದವರ್ದು ಬಂದ್ ಆಗ್ತೈತಿ.” ಎಲ್ಲರೂ ದೇವರ ಭಂಡಾರದ ಪುಡಿ ಮುಟ್ಟಿ ಆಣೆ ಮಾಡಿದ್ದರು. ಯಲ್ಲೇಶನೂ ಮುಟ್ಟಿದ್ದ. ಬೆರಳಿನ ಅರಿಶಿನ ಹೋಗುವ ಮೊದಲೇ ತನ್ನ ಡಬ್ಬಿಯನ್ನು ಮತ್ತೆ ಪೂರಾ ಏರಿಸಿದ್ದ.

“ಎಲ್ಲಾರೂ ಕಡಿಮಿ ಮಾಡೇವಲ್ಲಾ, ಅಣ್ಣಾ. ಮತ್ತ ಯಾಕ ಹಿಂಗಾತು?” ವಿಜಯ ಅವನ ಕೈ ಹಿಡಿದುಕೊಂಡ.

ಸಾವಿನ ಸುದ್ದಿಗೆ ಗಲ್ಲಿಯ ಮಗ್ಗಗಳೆಲ್ಲ ನಿಂತಿದ್ದವು. ಎಂದೂ ಇಲ್ಲದ ಆ ಮೌನದಲ್ಲಿ, ಸುದ್ದಿ ಇನ್ನೂ ತಿಳಿಯದ ಯಲ್ಲೇಶನ ತಾಯಿ ತಾರವ್ವನ ದನಿ ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು.

“ಯಲ್ಲೇಶಾ, ಇವತ್ತೂ ನನ್ನ ಸೀರಿಯಲ್ ಒಮ್ಮೆನೂ ನಿಂತಿಲ್ಲ ನೋಡೋ!”

ವಿಜಯ ಹಿಡಿದಿದ್ದ ಕೈ ಬಿಟ್ಟ.