ಜಪದ ಉಳಿದರ್ಧ

ಪರದೆಯ ಮೇಲೆ ಉಸಿರಿನ ಏರಿಳಿತ ತೋರಿಸುವ ಹಸಿರು ಗೆರೆ ಮತ್ತೆ ಅಡ್ಡಾದಿಡ್ಡಿ ನೆಗೆಯಿತು. ಗಾಜಿನಾಚೆ, ಸ್ಕ್ಯಾನಿಂಗ್ ಮೇಜಿನ ಮೇಲೆ ಮಲಗಿದ್ದ ಚೌರಪ್ಪನ ಹೊಟ್ಟೆಯ ಮೇಲಿಟ್ಟ ಪುಟ್ಟ ಡಬ್ಬಿ ಅವನ ಉಸಿರಿಗೆ ಏರಿಳಿಯುತ್ತಿತ್ತು.

"ಉಸಿರಾಡಿದಾಗೆಲ್ಲ ಒಳಗಿರೋ ಗಡ್ಡೆನೂ ಜರುಗುತ್ತೆ ಅಮ್ಮಾ. ಉಸಿರು ಒಂದೇ ಸಮ ಇದ್ರೇನೇ ಅದು ಎಲ್ಲಿಂದ ಎಲ್ಲಿಗೆ ಓಡಾಡುತ್ತೆ ಅಂತ ಗೊತ್ತಾಗೋದು. ಅವ್ರು ಹೆದರಿಬಿಟ್ಟಿದ್ದಾರೆ. ನೀವೇ ಏನಾದ್ರೂ ಮಾತಾಡಿ, ಅವ್ರು ಮಾತ್ರ ಬಾಯಿ ಬಿಡಬಾರ್ದು," ಎಂದು ಟೆಕ್ನಿಷಿಯನ್ ಲಾಸ್ಯ ಮೈಕನ್ನು ಅವನ ಹೆಂಡತಿ ಆರೋಗ್ಯಮೇರಿಯತ್ತ ಸರಿಸಿದಳು.

ಆರೋಗ್ಯಮೇರಿ ಮೈಕಿನ ಹತ್ತಿರಕ್ಕೆ ಸರಿದು ಕೂತಳು. ಮದುವೆಯಾದಾಗಿನಿಂದ ಕುಂಬಾರಕೊಪ್ಪಲಿನ ಮನೆಯಲ್ಲಿ ಸಂಜೆ ಜಪಸರ ಹಿಡಿದು ಕೂತರೆ ಪ್ರತಿ ಜಪದ ಮೊದಲರ್ಧ ಅವಳದು, ಉಳಿದರ್ಧ ಅವನದು. ಮೇದೋಜೀರಕದಲ್ಲಿ ಗಡ್ಡೆಯಿದೆ ಎಂದು ತಿಳಿದ ಸಂಜೆ ಅವನು, "ನಿನ್ ದೇವರ ಹತ್ರ ನೀನೇ ಮಾತಾಡ್ಕೋ ಕಣೇ," ಎಂದು ಎದ್ದುಹೋಗಿದ್ದ. ಅಂದಿನಿಂದ ಎರಡೂ ಅರ್ಧಗಳನ್ನು ಅವಳೊಬ್ಬಳೇ ಹೇಳುತ್ತಿದ್ದಳು.

ಬೇರೆ ಮಾತು ಸಿಗದೆ ಅವಳು ಮೈಕಿಗೆ ಬಾಗಿ ಮೊದಲರ್ಧ ಹೇಳಿದಳು. ಉಳಿದರ್ಧವನ್ನೂ ಹೇಳಹೊರಟವಳು ಪರದೆ ನೋಡಿ ನಿಲ್ಲಿಸಿದಳು. ಅವಳ ಮಾತಿನೊಡನೆ ಏರಿದ್ದ ಗೆರೆ, ಅವನ ಪಾಲಿನ ಮಾತುಗಳಿಗೆ ಬೇಕಾದಷ್ಟೇ ಹೊತ್ತು ತೆಗೆದುಕೊಂಡು ನಿಧಾನವಾಗಿ ಇಳಿಯಿತು. ಅವನ ತುಟಿ ಮುಚ್ಚಿಯೇ ಇತ್ತು. ಅವಳು ಮತ್ತೆ ಹೇಳಿದಳು. ಗೆರೆ ಮತ್ತೆ ಹಾಗೆಯೇ ಏರಿ, ಹಾಗೆಯೇ ಇಳಿಯಿತು.

"ಸಾಕಮ್ಮಾ, ಚಿತ್ರ ಚೆನ್ನಾಗಿ ಬಂತು," ಎಂದು ಲಾಸ್ಯ ಪರದೆ ಆರಿಸಲು ಕೈ ಚಾಚಿದಳು.

ಆರೋಗ್ಯಮೇರಿ ಆ ಕೈ ಹಿಡಿದುಕೊಂಡಳು. "ಆರಿಸ್ಬೇಡ ಕಣಮ್ಮ, ಅವ್ರು ಇನ್ನೂ ಹೇಳ್ತಾವ್ರೆ."