ಮೂರನೆಯದೇ ಬೇಕು

ಎರಡು ವರ್ಷ ಕಂಪ್ಯೂಟರಿನ ಮುಂದೆ ಕೂತು ಪ್ರಮಥ ಆ ಆಲ್ಬಂ ಮಾಡಿದ್ದ. ಹಾಡಿಲ್ಲ, ತಾಳವಿಲ್ಲ, ಪಾಳುಬಾವಿಯ ತಳದಿಂದ ಎದ್ದುಬಂದಂಥ ಗುಂಯ್ ಎನ್ನುವ ಸದ್ದು, ಅಷ್ಟೆ. ಕೇಳಲು ಬಂದ ಗೆಳೆಯರು ಅರ್ಧಕ್ಕೇ ಎದ್ದುಹೋಗಿದ್ದರು. ಸಂಗೀತದ ಸಹವಾಸವೇ ಬೇಡ ಎಂದುಕೊಂಡಿದ್ದವನನ್ನು ಉಳಿಸಿದವರು ಮಹಡಿ ಮನೆಯ ವಿಶಾಲಾಕ್ಷಮ್ಮ. ಈ ಬೇಸಿಗೆಯಲ್ಲಿ ದಿನವೂ ಹನ್ನೊಂದು ಗಂಟೆಗೆ ಟೆರೇಸಿನಿಂದಲೇ ಕೂಗುತ್ತಿದ್ದರು: "ಜೋರಾಗಿ ಹಾಕಪ್ಪಾ!"

ಇವತ್ತು ಅವನು ಕಿಟಕಿಯಿಂದ ತಲೆ ಹೊರಹಾಕಿ ಕೇಳಿಯೇಬಿಟ್ಟ.

"ಯಾವುದು ತುಂಬಾ ಇಷ್ಟ ಆಯ್ತಮ್ಮ?"

"ಮೂರನೇದು. ಅದನ್ನೇ ಹಾಕ್ತಿರು."

ಅವನಿಗೂ ಅದೇ ಅಚ್ಚುಮೆಚ್ಚು. ಕಣ್ಣು ತುಂಬಿ ಬಂತು. "ಅದೇ ಯಾಕಮ್ಮ?"

"ಮೊದಲಿನ ಎರಡಕ್ಕೆ ಬರೀ ಕಾಗೆ ಹಾರಿಹೋಗ್ತವೆ ಕಣಪ್ಪ. ಮೂರನೇದಕ್ಕೆ ಕೋತಿಗಳೂ ಸಂಡಿಗೆ ಬಿಟ್ಟು ಓಡ್ತವೆ."